ನಡುವೆ ಸೀಳಿದ ಸೇತುವೆ

ಸೇತುವೆಯ ಕೆಲಸ ಎರಡು ದಡಗಳನ್ನು ಕೂಡಿಸುವುದು. ಆದರೆ ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದಲ್ಲಿ, ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರ್ಯಾಟ್‌ಫರ್ಡಿಗೆ ಹೋಗುವ ಹಳೆಯ ಕಾಲುವೆಯೊಂದರ ಮೇಲೆ, ದಡಗಳನ್ನು ಕೂಡಿಸಲು ಹೊರಟು ನಡುನೀರಿನ ಮೇಲೆ ಕೂಡದೆಯೇ ನಿಂತುಬಿಟ್ಟ ಕಾಲುಸೇತುವೆಗಳಿವೆ. ಆ ದಡದಿಂದ ಒಂದು ಅರ್ಧ ಚಾಚಿಕೊಂಡಿದೆ, ಈ ದಡದಿಂದ ಇನ್ನೊಂದು ಅರ್ಧ. ಎರಡರ ನಡುವೆ ಸುಮಾರು ಒಂದು ಅಂಗುಲದಷ್ಟು ಸೀಳು. ಎರಡೂ ಬದಿಯ ಕಬ್ಬಿಣದ ಕಂಬಿಗಳು ಕೂಡ ಅದೇ ಜಾಗದಲ್ಲಿ ಕಡಿದಿವೆ. ಮೊದಲ ಸಲ ನೋಡಿದವರು ಸೇತುವೆ ಬಿರುಕು ಬಿಟ್ಟಿತೆಂದು ಹಿಂದೆಗೆದರೆ ಆಶ್ಚರ್ಯವಿಲ್ಲ. ಆದರೆ ಅದು ಕಟ್ಟಿದವರು ಬೇಕೆಂದೇ ಬಿಟ್ಟ ಸಂದು. ಎರಡು ಶತಮಾನಗಳ ಹಿಂದೆ ಯೋಚಿಸಿ, ಲೆಕ್ಕ ಹಾಕಿ ಬಿಟ್ಟದ್ದು. ಏಕೆ ಬಿಟ್ಟರು, ಬಿಟ್ಟರೂ ಸೇತುವೆ ಏಕೆ ಬೀಳಲಿಲ್ಲ ಎಂಬುದನ್ನು ನೋಡೋಣ.

ಕಾಲುವೆ ಎಂದೊಡನೆ ನಮಗೆ ನೆನಪಾಗುವುದು ಗದ್ದೆ. ತುಂಗಭದ್ರೆಯ ದಡದಲ್ಲಿ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಾಗಲಿ, ಮಂಡ್ಯದ ಬಯಲಿಗೆ ಕಾವೇರಿಯನ್ನು ಒಯ್ಯುವ ವಿಶ್ವೇಶ್ವರಯ್ಯ ನಾಲೆಯಾಗಲಿ, ನೀರನ್ನು ಸಾಗಿಸುವುದಕ್ಕಾಗಿಯೇ ಹುಟ್ಟಿದವು. ಇಂಗ್ಲೆಂಡಿನ ಕಾಲುವೆಗಳ ಮಾತು ಬೇರೆ. ಅಲ್ಲಿ ಮಳೆ ಹೊಲಕ್ಕೆ ಸಾಕಷ್ಟು ಬೀಳುತ್ತದೆ. ಸಾಗಿಸಬೇಕಾಗಿದ್ದುದು ಕಲ್ಲಿದ್ದಲು, ಸುಣ್ಣ, ಧಾನ್ಯ, ಇಟ್ಟಿಗೆ. ಹದಿನೆಂಟನೆಯ ಶತಮಾನದ ಆ ದೇಶದ ರಸ್ತೆಗಳು ಮಳೆಗಾಲದ ನಮ್ಮ ಕಾಡುದಾರಿಗಳಿಗಿಂತ ಉತ್ತಮವಾಗಿರಲಿಲ್ಲ. ಆದುದರಿಂದ ನೀರನ್ನು ಹರಿಯಗೊಡದೆ ತಡೆದು ನಿಲ್ಲಿಸಿ, ಅದನ್ನೇ ರಸ್ತೆಯನ್ನಾಗಿ ಮಾಡಿಕೊಂಡರು. ರಸ್ತೆಯ ಮೇಲಿನ ವಾಹನ ದೋಣಿ. ಅದನ್ನು ಎಳೆಯುವುದು ದಡದ ಮೇಲೆ ನಡೆಯುವ ಕುದುರೆ.

ಒಂದು ಕುದುರೆಯ ಬೆನ್ನಿನ ಮೇಲೆ ಹೇರಬಹುದಾದ ಮೂಟೆಯ ತೂಕ ನೂರಿಪ್ಪತ್ತು ಕಿಲೋಗ್ರಾಮಿನ ಆಸುಪಾಸು. ಒಳ್ಳೆಯ ರಸ್ತೆಯಲ್ಲಿ ಗಾಡಿಗೆ ಕಟ್ಟಿದರೆ ಅದೇ ಕುದುರೆ ಒಂದೆರಡು ಟನ್ನು ಎಳೆದೀತು. ನಿಂತ ನೀರಿನ ಮೇಲಾದರೊ, ಇಪ್ಪತ್ತೈದು ಟನ್ನಿನ ಹೇರನ್ನು ತುಂಬಿದ ದೋಣಿಯನ್ನು ಎಳೆದುಕೊಂಡು ದಿನವಿಡೀ ನಡೆಯುತ್ತದೆ! ದೋಣಿಯ ಭಾರವನ್ನೆಲ್ಲ ನೀರೇ ಹೊರುತ್ತದೆ. ಕುದುರೆಯ ಪಾಲಿಗೆ ಉಳಿಯುವುದು ನೀರಿನ ತಡೆ ಮಾತ್ರ. ಈ ತಡೆಯು ವೇಗದೊಡನೆ ಬೆಳೆಯುವ ಬಗೆ ವಿಚಿತ್ರವಾದುದು. ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಇಕ್ಕಟ್ಟಾದ, ಆಳವಿಲ್ಲದ ಕಾಲುವೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ನಡಿಗೆಯ ವೇಗದಲ್ಲಿ ಸುಲಭವಾಗಿರುವ ಕೆಲಸ ಓಟದ ವೇಗದಲ್ಲಿ ಅಸಾಧ್ಯವೆನಿಸುತ್ತದೆ. ಕಾಲುವೆಯ ದೋಣಿ ಅವಸರವಿಲ್ಲದವರ ವಾಹನ. ಕಲ್ಲಿದ್ದಲಿಗೆ ಎಲ್ಲಿಯ ಅವಸರ?

ಆದರೆ ನಡೆಯುತ್ತಿರುವ ದೋಣಿಯನ್ನು ನಡೆಸುವುದು ಬೇರೆ, ನಿಂತ ದೋಣಿಯನ್ನು ಹೊರಡಿಸುವುದು ಬೇರೆ. ಇಲ್ಲಿ ಜಡತ್ವ ಅಡ್ಡ ಬರುತ್ತದೆ. ದೋಣಿಯೂ ಹೇರೂ ಸೇರಿ ಮೂವತ್ತು ಸಾವಿರ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಕುದುರೆಯು ಆರುನೂರು ನ್ಯೂಟನ್ ಬಲದಿಂದ, ಎಂದರೆ ಅರವತ್ತು ಕಿಲೋಗ್ರಾಂ ತೂಗುವಷ್ಟು ಬಲದಿಂದ ಎಳೆಯಲಿ. ಬಲವನ್ನು ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ ಎರಡು ಸೆಂಟಿಮೀಟರು ಮಾತ್ರ. ಸೆಕೆಂಡಿಗೆ ಒಂದು ಮೀಟರಿನ ನಡಿಗೆಗೆ ಬರಲು, ನೀರಿನ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಐವತ್ತು ಸೆಕೆಂಡುಗಳು ಬೇಕು. ಅಷ್ಟು ಹೊತ್ತು ಕುದುರೆ ಮುಂದಕ್ಕೆ ಬಾಗಿ, ಗೊರಸನ್ನು ನೆಲಕ್ಕೆ ಊರಿ, ಮೈಭಾರವನ್ನೆಲ್ಲ ಕೊರಳಪಟ್ಟಿಯ ಮೇಲೆ ಹಾಕಿ ನಿಂತಿರಬೇಕು. ಹೀಗೆ ಗಳಿಸಿದ ಚಲನೆಯನ್ನು ನಡುದಾರಿಯಲ್ಲಿ ಕಳೆದುಕೊಳ್ಳುವುದು ದೋಣಿಗನಿಗೆ ಕೈಗೆ ಬಂದ ಕಾಸನ್ನು ನೀರಿಗೆ ಎಸೆದಂತೆ.

ಸ್ಟ್ರ್ಯಾಟ್‌ಫರ್ಡ್ ಕಾಲುವೆಯಲ್ಲಿ ಹೀಗೆ ನಿಂತು ಹೊರಡಬೇಕಾದ ಜಾಗಗಳಿಗೆ ಕೊರತೆಯಿರಲಿಲ್ಲ. ಬರ್ಮಿಂಗಮ್ ನಗರದ ಅಂಚಿನ ಕಿಂಗ್ಸ್ ನಾರ್ಟನ್‌ನಿಂದ ಏವನ್ ನದಿಯ ದಡದ ಸ್ಟ್ರ್ಯಾಟ್‌ಫರ್ಡಿನವರೆಗೆ ಇದರ ಉದ್ದ ಸುಮಾರು ಇಪ್ಪತ್ತೈದೂವರೆ ಮೈಲಿ. ಬರ್ಮಿಂಗಮ್ ಎತ್ತರದ ನೆಲ, ಸ್ಟ್ರ್ಯಾಟ್‌ಫರ್ಡ್ ತಗ್ಗು. ದೋಣಿ ಇಳಿಜಾರಿನಲ್ಲಿ ಜಾರಲಾರದು. ಅದಕ್ಕೆ ಮೆಟ್ಟಿಲು ಬೇಕು. ಆ ಮೆಟ್ಟಿಲಿಗೆ ‘ಲಾಕ್’ ಎಂದು ಹೆಸರು. ಎರಡು ತುದಿಗೂ ಬಾಗಿಲುಳ್ಳ ಇಟ್ಟಿಗೆಯ ದೊಡ್ಡ ತೊಟ್ಟಿ ಅದು. ಮೇಲಿನಿಂದ ಬಂದ ದೋಣಿಯನ್ನು ಒಳಗೆ ಬಿಟ್ಟುಕೊಂಡು ಮೇಲುಬಾಗಿಲನ್ನು ಮುಚ್ಚಿ, ಕೆಳಬಾಗಿಲಿನ ಕಿಂಡಿಯಿಂದ ನೀರನ್ನು ಹೊರಬಿಟ್ಟರೆ, ನೀರು ಇಳಿದಂತೆ ದೋಣಿಯೂ ಇಳಿಯುತ್ತದೆ. ಕೆಳಗಿನ ಮಟ್ಟಕ್ಕೆ ಬಂದ ಮೇಲೆ ಕೆಳಬಾಗಿಲು ತೆರೆಯಬೇಕು, ದೋಣಿ ಹೊರಗೆ ಹೋಗಬೇಕು. ಕಾಲುವೆಯ ದಕ್ಷಿಣದ ಹದಿಮೂರು ಮೈಲಿಗಳಲ್ಲಿಯೇ ಇಂತಹ ಮೂವತ್ತಾರು ಮೆಟ್ಟಿಲುಗಳಿವೆ. ವಿಲ್ಮ್‌ಕೋಟ್ ಎಂಬ ಹಳ್ಳಿಯ ಬಳಿ ಹನ್ನೊಂದು ಲಾಕುಗಳು ಒಂದರ ಹಿಂದೊಂದು ಬರುತ್ತವೆ.

ಈ ತೊಟ್ಟಿಗಳ ಅಗಲ ಏಳು ಅಡಿ ಮಾತ್ರ, ಉದ್ದ ಎಪ್ಪತ್ತು ಅಡಿಗೆ ಸ್ವಲ್ಪ ಮೇಲು. ದೋಣಿಗಳೂ ಅದೇ ಅಳತೆಯವು. ಒರೆಯೊಳಗೆ ಕತ್ತಿ ಕುಳಿತಂತೆ ಲಾಕಿನೊಳಗೆ ದೋಣಿ ಕೂಡುತ್ತದೆ. ಇಷ್ಟು ಇಕ್ಕಟ್ಟು ಏಕೆಂದರೆ ನೀರಿನ ಉಳಿತಾಯ. ಎರಡು ಮೀಟರು ಇಳಿಯುವ ಒಂದು ಲಾಕಿನಿಂದ ಪ್ರತಿ ಸಲ ಸುಮಾರು ತೊಂಬತ್ತು ಸಾವಿರ ಲೀಟರು ನೀರು ಕೆಳಗೆ ಹೋಗುತ್ತದೆಂಬುದನ್ನು ವಾಚಕರು ಉದ್ದ, ಅಗಲ, ಆಳಗಳನ್ನು ಗುಣಿಸಿ ತಾವೇ ಕಂಡುಕೊಳ್ಳಬಹುದು. ಅಗಲ ಇಮ್ಮಡಿಯಾಗಿದ್ದರೆ ಖರ್ಚೂ ಇಮ್ಮಡಿ.

ಇನ್ನು ಸೇತುವೆಯ ವಿಷಯ. ಕಾಲುವೆಯು ಹೊಲಗಳನ್ನು ಇಬ್ಭಾಗ ಮಾಡಿಕೊಂಡು ಹೋಗುತ್ತದೆ. ಮನೆ ಈ ದಡದಲ್ಲಿ, ಹುಲ್ಲುಗಾವಲು ಆ ದಡದಲ್ಲಿ ಎಂಬಂತಾದ ರೈತರಿಗೆ ದಾಟುವ ದಾರಿ ಮಾಡಿಕೊಡುವುದು ಕಾಲುವೆಯ ಕಂಪನಿಯ ಹೊಣೆ. ಕಂಪನಿಗೆ ಕೈ ಯಾವಾಗಲೂ ಬಿಗಿ. ಎಲ್ಲಿ ಕಟ್ಟಿದರೆ ಅಗ್ಗ? ಲಾಕಿನ ಕೆಳಬಾಗಿಲಿನ ಮುಂದೆ. ಅಲ್ಲಿ ಕಾಲುವೆ ಏಳೆಂಟು ಅಡಿಗೆ ಕಿರಿದಾಗಿರುತ್ತದೆ. ನೆಲ ಮೇಲೆ, ನೀರು ಆಳದಲ್ಲಿ ಇರುವುದರಿಂದ ಸೇತುವೆಯನ್ನು ನೆಲದ ಮಟ್ಟದಲ್ಲಿಯೇ ಹಾಕಿದರೂ ದೋಣಿ ಅದರ ಕೆಳಗೆ ಸಲೀಸಾಗಿ ನುಸುಳುತ್ತದೆ. ಏರು ದಿಬ್ಬ ಬೇಡ, ಕಮಾನು ಬೇಡ, ಇಟ್ಟಿಗೆಯೂ ಉಳಿಯಿತು.

ಉಳಿಯದ ತೊಡಕು ಒಂದೇ, ಹಗ್ಗದ್ದು. ದೋಣಿ ಸೇತುವೆಯ ಕೆಳಗೆ ಹೋಗುತ್ತದೆ. ಕುದುರೆ ದಡದ ಮೇಲೆ, ಸೇತುವೆಯ ಪಕ್ಕದಿಂದ ಹೋಗುತ್ತದೆ. ಸೇತುವೆ, ಎರಡು ದಡಗಳು, ಕಾಲುವೆಯ ತಳ, ಇವು ನಾಲ್ಕೂ ಸೇರಿ ಒಂದು ದೊಡ್ಡ ಬಳೆಯೆಂದು ಭಾವಿಸಿರಿ. ದೋಣಿ ಬಳೆಯ ಒಳಗೆ ತೂರಬೇಕು, ಕುದುರೆ ಬಳೆಯ ಹೊರಗೆ ಹಾಯಬೇಕು, ಇವೆರಡನ್ನೂ ಕಟ್ಟಿದ ಹಗ್ಗ ಬಿಚ್ಚಬಾರದು. ದಾರದ ಒಂದು ತುದಿಗೆ ಬೆಂಕಿಕಡ್ಡಿಯನ್ನೂ ಇನ್ನೊಂದಕ್ಕೆ ಗುಂಡಿಯನ್ನೂ ಕಟ್ಟಿ, ಮನೆಯಲ್ಲಿ ಒಂದು ಬಳೆಯೊಡನೆ ಪ್ರಯತ್ನಿಸಿ ನೋಡಿದರೆ ಇದು ಆಗದ ಮಾತೆಂದು ತಿಳಿಯುತ್ತದೆ. ದಾರ ಬಳೆಗೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಜಾಣ್ಮೆಯಿಂದ ಎಳೆದಾಡಿದರೂ ಬಿಡಿಸುವಂತಿಲ್ಲ. ಇದಕ್ಕೆ ಇದ್ದ ಪರಿಹಾರಗಳು ಎರಡು. ಕುದುರೆಯೂ ಸೇತುವೆಯ ಕೆಳಗೇ ಹಾದುಹೋಗುವಂತೆ ಕಮಾನನ್ನು ಅಗಲವಾಗಿಯೂ ಎತ್ತರವಾಗಿಯೂ ಕಟ್ಟಬಹುದು. ಅದಕ್ಕೆ ಹಣ ಬೇಕು. ಇಲ್ಲವೆ ಪ್ರತಿ ಸೇತುವೆಯಲ್ಲಿಯೂ ಹಗ್ಗವನ್ನು ಬಿಚ್ಚಿ, ಕೆಳಗಿನಿಂದ ತೂರಿಸಿ, ಮತ್ತೆ ಕಟ್ಟಬಹುದು. ಅದಕ್ಕೆ ಹೊತ್ತು ಬೇಕು. ಲಾಕಿನಿಂದ ದೋಣಿಯನ್ನು ಹೊರಡಿಸಬೇಕಾದ ಕಷ್ಟದ ಗಳಿಗೆಯೇ ಹಗ್ಗವನ್ನು ಬಿಚ್ಚಬೇಕಾದ ಗಳಿಗೆಯೂ ಆದರೆ ದೋಣಿಗನ ಪಾಡನ್ನು ಊಹಿಸಬಹುದು.

ಸ್ಟ್ರ್ಯಾಟ್‌ಫರ್ಡ್ ಕಾಲುವೆಯನ್ನು ಕಟ್ಟಿದವರು ಬಳೆಯನ್ನೇ ಕತ್ತರಿಸಿಬಿಟ್ಟರು.

ಕುದುರೆ ಸೇತುವೆಯ ಬುಡವನ್ನು ದಾಟಿ ಮುಂದೆ ನಡೆಯುವಾಗ ಹಗ್ಗ ಹತ್ತಿರದ ಅರ್ಧಸೇತುವೆಯ ಮೇಲೆ ಬೀಳುತ್ತದೆ. ಅಲ್ಲಿಂದ ಸೀಳಿನೊಳಗೆ ಜಾರಿ ಕೆಳಗಿಳಿಯುತ್ತದೆ. ಕುದುರೆ ನಿಲ್ಲುವ ಅಗತ್ಯವಿಲ್ಲ, ದೋಣಿಗ ಗಂಟು ಬಿಚ್ಚುವ ಅಗತ್ಯವೂ ಇಲ್ಲ. ಹಗ್ಗದ ದಪ್ಪಕ್ಕೆ ಒಂದು ಅಂಗುಲ ಸಾಕು. ನಡೆಯುವವನ ಪಾದಕ್ಕೆ ಒಂದು ಅಂಗುಲ ಲೆಕ್ಕಕ್ಕಿಲ್ಲ. ಹಗ್ಗಕ್ಕೂ ಪಾದಕ್ಕೂ ಇರುವ ಈ ಗಾತ್ರಭೇದದ ಮೇಲೆಯೇ ಇಡೀ ಉಪಾಯ ನಿಂತಿದೆ.

ಸರಿ, ನಡುವೆ ಕತ್ತರಿಸಿದ ಮೇಲೆ ಸೇತುವೆ ಏಕೆ ಮುರಿದು ಬೀಳುವುದಿಲ್ಲ? ಹಳ್ಳಕ್ಕೆ ಅಡ್ಡವಾಗಿ ಇಟ್ಟ ಹಲಗೆಯ ನಡುವೆ ನಿಂತರೆ ಅದು ನಡುವಿನಲ್ಲಿಯೇ ಹೆಚ್ಚು ಬಾಗುತ್ತದೆ, ಮುರಿಯುವುದಾದರೂ ಅಲ್ಲಿಯೇ. ಅಂತಹ ಹಲಗೆಯನ್ನು ನಡುವೆ ಕತ್ತರಿಸುವುದೆಂದರೆ ಕೆಲಸ ಮುಗಿದಂತೆ. ಸೀಳಿದ ಸೇತುವೆಯ ಅರ್ಧಗಳು ಹಲಗೆಯ ಜಾತಿಯವಲ್ಲ. ನಮ್ಮ ಊರುಗಳ ಹಳೆಯ ಬಾವಿಗಳಲ್ಲಿ ಒಳಗೋಡೆಯಿಂದ ಚಪ್ಪಡಿಕಲ್ಲುಗಳು ಮೆಟ್ಟಿಲಿನಂತೆ ಚಾಚಿಕೊಂಡಿರುವುದನ್ನು ವಾಚಕರು ಕಂಡಿರಬಹುದು. ಕಲ್ಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿಗೆ ಯಾವ ಆಧಾರವೂ ಇಲ್ಲ. ಆದರೂ ಕೊಡ ಹೊತ್ತ ಹೆಂಗಸರು ತಲೆಮಾರುಗಳಿಂದ ಅದರ ಮೇಲೆ ಇಳಿದು ಹತ್ತಿದ್ದಾರೆ. ಬಾಗಿಲ ಮೇಲಿನ ಚಜ್ಜವೂ ಇದೇ ಜಾತಿ. ಎಂಜಿನಿಯರುಗಳು ಇದನ್ನು ಕ್ಯಾಂಟಿಲಿವರ್ ಎನ್ನುತ್ತಾರೆ. ನಾವು ಚಾಚುತೊಲೆ ಎನ್ನೋಣ. ಚಾಚುತೊಲೆಯ ಬಾಗುವಿಕೆಯ ಕಷ್ಟವೆಲ್ಲ ಗೋಡೆಯ ಬಳಿಯ ಬುಡದಲ್ಲಿ. ತುದಿಗೆ ಬಂದಂತೆ ಅದು ಕಡಮೆಯಾಗುತ್ತ ತುತ್ತತುದಿಯಲ್ಲಿ ಸೊನ್ನೆಯಾಗುತ್ತದೆ. ಎರಡು ಚಾಚುತೊಲೆಗಳ ತುದಿಗಳು ಸೇರುವ ಜಾಗದಲ್ಲಿ ಒಂದಂಗುಲ ಬಿಡುವುದರಿಂದ ನಷ್ಟವಾಗುವ ಬಲವೇ ಇಲ್ಲ.

ಗೋಡೆಗೆ ಬೀಳುವ ಭಾರವೆಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡಬಹುದು. ಅರ್ಧಸೇತುವೆಯ ಉದ್ದ ಒಂದು ಮೀಟರು, ಅದರ ತುದಿಯಲ್ಲಿ ಎಪ್ಪತ್ತು ಕಿಲೋಗ್ರಾಂ ತೂಕದ ಮನುಷ್ಯ ನಿಂತಿದ್ದಾನೆ ಎನ್ನಿ. ಸೇತುವೆಯ ಬಾಲವು ಗೋಡೆಯೊಳಕ್ಕೆ ಅರ್ಧ ಮೀಟರು ಹೋಗಿದೆ. ಇದು ತಕ್ಕಡಿಯಂತಹ ಸನ್ನೆಯಷ್ಟೆ; ಹೊರಗಿನ ತೋಳು ಒಳಗಿನ ತೋಳಿನ ಎರಡರಷ್ಟು. ಆದ್ದರಿಂದ ಬಾಲದ ತುದಿಯ ಮೇಲೆ ನೂರನಲವತ್ತು ಕಿಲೋಗ್ರಾಂ ಇಟ್ಟಿಗೆಯ ಕಟ್ಟಡ ಕುಳಿತಿದ್ದರೆ ಮನುಷ್ಯ ನೀರಿಗೆ ಬೀಳುವುದಿಲ್ಲ. ಒಂದು ಮೊಳಕ್ಕಿಂತ ಕಡಮೆ ಬಾಹುವುಳ್ಳ ಇಟ್ಟಿಗೆಯ ಘನಕ್ಕೇ ಅಷ್ಟು ತೂಕವಿರುತ್ತದೆ. ಸೇತುವೆಯ ಸ್ವಂತ ತೂಕವನ್ನೂ, ಗುಂಪಾಗಿ ಬರುವ ಜನರನ್ನೂ, ಹೆದರಿದ ದನವೊಂದು ಓಡಿಬರುವ ಸಂಭವವನ್ನೂ ಸೇರಿಸಿ ಕಟ್ಟುವವರು ಇದನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತಾರೆ. ಆದರೂ ಲಾಕಿನ ದಪ್ಪ ಗೋಡೆ ಹೇಗೂ ಅಲ್ಲಿ ಇದ್ದೇ ಇದೆ. ಬೇರೆ ಕಂಬ ಬೇಕಿಲ್ಲ.

ಚಾಚಿದ ತೋಳುಗಳು ಬೀಡು ಕಬ್ಬಿಣದವು. ಈ ಲೋಹವನ್ನು ಕರಗಿಸಿ ಅಚ್ಚಿಗೆ ಸುರಿದು ಬೇಕಾದ ಆಕಾರ ಪಡೆಯಬಹುದು. ಒಂದೇ ಅಚ್ಚಿನಿಂದ ಹತ್ತಾರು ಸೇತುವೆಗಳಿಗೆ ತೋಳುಗಳು ಸಿಕ್ಕುತ್ತವೆ. ಅದುಮಿದರೆ ಇದು ಬಹಳ ಗಟ್ಟಿ, ಎಳೆದರೆ ಅಷ್ಟು ಗಟ್ಟಿಯಲ್ಲ. ಚಾಚುತೊಲೆಯ ಮೇಲಂಚು ಎಳೆತಕ್ಕೂ ಕೆಳಅಂಚು ಒತ್ತಡಕ್ಕೂ ಒಳಗಾಗುತ್ತದೆಯಾದ್ದರಿಂದ ಈ ದೌರ್ಬಲ್ಯ ಇಲ್ಲಿ ತೊಂದರೆ ಕೊಡಬಹುದಾಗಿತ್ತು. ತೋಳು ಇಷ್ಟು ಮೋಟಾಗಿರುವುದರಿಂದ ಕೊಡಲಿಲ್ಲ. ಇದೇ ಉಪಾಯವನ್ನು ಐವತ್ತು ಅಡಿಯ ನದಿಯ ಮೇಲೆ ಬೀಡು ಕಬ್ಬಿಣದಲ್ಲಿ ಮಾಡಹೊರಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕಬ್ಬಿಣದ ಮೇಲಿನ ಈ ನಂಬಿಕೆ ಸೇತುವೆಗಳಲ್ಲಿ ಮಾತ್ರವಲ್ಲ, ಸುತ್ತಮುತ್ತ ಎಲ್ಲೆಲ್ಲಿಯೂ ಕಾಣುತ್ತದೆ. ಕಾಲುವೆಗೆ ಪಾರ್ಲಿಮೆಂಟಿನ ಅನುಮತಿ ದೊರೆತದ್ದು 1793ರಲ್ಲಿ. ಅದೇ ವರ್ಷ ಅಗೆತ ಆರಂಭವಾಯಿತು. ಹಣ ಮುಗಿದು, ಕೆಲಸ ನಿಂತು, ಮತ್ತೆ ನಡೆದು, ಸ್ಟ್ರ್ಯಾಟ್‌ಫರ್ಡನ್ನು ಮುಟ್ಟುವ ವೇಳೆಗೆ 1816 ಬಂದಿತ್ತು. ದಕ್ಷಿಣದ ಭಾಗದಲ್ಲಿ ಕಾಲುವೆ ಮೂರು ಕಡೆ ಕಬ್ಬಿಣದ ದೋಣಿಯಂತಹ ಮೇಲ್ಗಾಲುವೆಗಳಲ್ಲಿ ಹರಿದು ತಗ್ಗುಗಳನ್ನು ದಾಟುತ್ತದೆ. ಅವುಗಳಲ್ಲಿ ಎಡ್‌ಸ್ಟನ್ ಎಂಬಲ್ಲಿಯದು 475 ಅಡಿ ಉದ್ದ. ಇಂಗ್ಲೆಂಡಿನಲ್ಲಿ ಅದಕ್ಕಿಂತ ಉದ್ದನೆಯ ಕಬ್ಬಿಣದ ಮೇಲ್ಗಾಲುವೆ ಇಲ್ಲ. ಅಲ್ಲಿ ಕುದುರೆದಾರಿಯನ್ನು ತೊಟ್ಟಿಯ ತಳದ ಮಟ್ಟದಲ್ಲಿ ಹಾಕಿದ್ದಾರೆ. ಆದಕಾರಣ ನಡೆದುಹೋಗುವವರಿಗೆ ದೋಣಿಯು ತಮ್ಮ ಭುಜದ ಎತ್ತರದಲ್ಲಿ, ಗೋಡೆಯೊಂದರ ಆಚೆ, ತೇಲಿಹೋಗುವ ನೋಟ ಸಿಕ್ಕುತ್ತದೆ. ಲಾಕುಗಳನ್ನು ನೋಡಿಕೊಳ್ಳುವವರಿಗಾಗಿ ಕಟ್ಟಿದ ಮನೆಗಳೂ ವಿನೋದವಾಗಿವೆ: ಹೆಂಚಿನ ಇಳಿಮಾಡಿನ ಬದಲು ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತಹ ಮಾಡು. ಸೇತುವೆಯ ಕಮಾನು ಕಟ್ಟಿ ಪಳಗಿದ ಕೈಗಳಿಗೆ ಮನೆಯ ಮಾಡೂ ಕಮಾನಾಗಿಯೇ ಬಂದಿತೆಂದು ಹೇಳುವುದುಂಟು. ನಮಗೂ ಅದು ಸಹಜವಾಗಿ ತೋರುತ್ತದೆ.

ದಕ್ಷಿಣದ ಭಾಗವನ್ನು ಮುಗಿಸಲು ಹೆಣಗಿದವನು ವಿಲಿಯಂ ಜೇಮ್ಸ್. ಈತನೇ ರೈಲುದಾರಿಗಳ ಕನಸನ್ನೂ ಕಂಡವನು. ಸ್ಟ್ರ್ಯಾಟ್‌ಫರ್ಡಿನಲ್ಲಿ ಕಾಲುವೆ ಮುಗಿಯುವ ಕೊಳದಿಂದ ಹೊರಟು 1826ರಲ್ಲಿ ತೆರೆದ, ಕುದುರೆಗಳೇ ಎಳೆಯುತ್ತಿದ್ದ ಟ್ರ್ಯಾಮುದಾರಿಯು ಆತನ ಯೋಜನೆ. ಅದಕ್ಕಾಗಿ ಏವನ್ ನದಿಯ ಮೇಲೆ ಕಟ್ಟಿದ ಇಟ್ಟಿಗೆಯ ಸೇತುವೆ ಈಗ ಕಾಲುನಡಿಗೆಯವರದ್ದಾಗಿದೆ. ಜೇಮ್ಸ್ ಸಾಲದಲ್ಲಿ ಮುಳುಗಿದ. ಆತ ಕನಸು ಕಂಡ ರೈಲು ಆತನ ಕಾಲುವೆಯನ್ನು ನುಂಗಿತು: 1856ರಲ್ಲಿ ರೈಲ್ವೆ ಕಂಪನಿಯೊಂದು ಕಾಲುವೆಯನ್ನು ಕೊಂಡುಕೊಂಡಿತು. ಹೇರು ರೈಲಿಗೆ ಹೋಯಿತು, ಆಮೇಲೆ ಲಾರಿಗೆ. ದಕ್ಷಿಣದ ಲಾಕುಗಳ ಬಾಗಿಲುಗಳು ಕೊಳೆತು, ಕಾಲುವೆಯಲ್ಲಿ ಜೊಂಡು ಬೆಳೆಯಿತು.

ವಿಚಿತ್ರವೇನೆಂದರೆ, ಈ ಕಾಲುವೆಯ ಸಾವುಬದುಕಿನ ಪ್ರಶ್ನೆ ಎರಡು ಸಲವೂ ಸೇತುವೆಗಳಿಂದಲೇ ಎದ್ದಿತು. ಉತ್ತರದ ಭಾಗದಲ್ಲಿ ಲಿಫರ್ಡ್ ಲೇನ್ ಎಂಬಲ್ಲಿ ಎತ್ತುವ ಸೇತುವೆಯೊಂದು ಕೆಟ್ಟಾಗ ಅದರ ಜಾಗದಲ್ಲಿ ಅಲುಗಾಡದ ಸೇತುವೆಯನ್ನು ಹಾಕಿದ್ದರು. ಅದರಡಿ ದೋಣಿಗೆ ಎಡೆಯಿರಲಿಲ್ಲ. ಕಾನೂನಿನ ಪ್ರಕಾರ ಕಾಲುವೆ ತೆರೆದೇ ಇತ್ತು. ಈ ವಿಷಯ ಬ್ರಿಟನ್ನಿನ ಮೇಲ್ಮನೆಯವರೆಗೂ ಹೋಗಿ, ಮುಂಚಿತವಾಗಿ ತಿಳಿಸಿದರೆ ಸೇತುವೆಯನ್ನು ಎತ್ತಿಕೊಡಲಾಗುವುದೆಂಬ ಭರವಸೆ ಬಂದಿತು. ಎಲ್. ಟಿ. ಸಿ. ರೋಲ್ಟ್ ಎಂಬ ಎಂಜಿನಿಯರ್ ಲೇಖಕ ಆ ಮಾತನ್ನು ಹಿಡಿದುಕೊಂಡ. 1947ರ ಮೇ ತಿಂಗಳಲ್ಲಿ ಬರುವೆನೆಂದು ತಿಳಿಸಿ, ತಾನು ವಾಸವಾಗಿದ್ದ ‘ಕ್ರೆಸಿ’ ದೋಣಿಯೊಡನೆ ಬಂದೇಬಿಟ್ಟ. ರೈಲ್ವೆಯವರು ಜ್ಯಾಕುಗಳನ್ನಿಟ್ಟು ಸೇತುವೆಯನ್ನು ಮೇಲೆತ್ತಬೇಕಾಯಿತು.

ಎರಡನೆಯ ಪ್ರಸಂಗ ಇನ್ನೂ ಗಂಭೀರವಾದದ್ದು. 1958ರಲ್ಲಿ ವಿಲ್ಮ್‌ಕೋಟಿನ ಬಳಿ ಕಾಲುವೆಯ ಮೇಲಿನ ರಸ್ತೆಸೇತುವೆಯೊಂದನ್ನು ಹೊಸದಾಗಿ ಕಟ್ಟಬೇಕಾಯಿತು. ಷೇಕ್ಸ್‌ಪಿಯರನ ತಾಯಿ ಮೇರಿ ಆರ್ಡನ್ನಳ ಊರು ವಿಲ್ಮ್‌ಕೋಟ್. ದೋಣಿ ಹೋಗುವಷ್ಟು ಎತ್ತರ ಬಿಟ್ಟು ಕಟ್ಟಿದರೆ ಖರ್ಚು ಹೆಚ್ಚು. ಕಾಲುವೆಯೇ ಇಲ್ಲವೆಂದಾದರೆ ಖರ್ಚು ಕಡಮೆ. ಪ್ರಾಂತದ ಆಡಳಿತ ಮಂಡಲಿಯು ಕಾಲುವೆಯ ದಕ್ಷಿಣ ಭಾಗವನ್ನು ಕಾನೂನುಬದ್ಧವಾಗಿ ತ್ಯಜಿಸುವ ಅಪ್ಪಣೆ ಕೋರಿತು. ಮೂರು ವರ್ಷಗಳಿಂದ ಯಾರೂ ಬಳಸಿಲ್ಲವೆಂಬುದು ಅದರ ವಾದ. ಬಳಸಿದವರಿದ್ದರು! ಕೆನೂ ಎಂಬ ಹಗುರವಾದ ಕಿರುದೋಣಿಯಲ್ಲಿ ಸ್ಥಳೀಯರು ಆ ಅವಧಿಯೊಳಗೆ ಕಾಲುವೆಯಲ್ಲಿ ಸಂಚರಿಸಿದ್ದರು. ಸುಂಕ ಕೊಟ್ಟು ಪಡೆದ ಚೀಟಿಯೂ ಅವರಲ್ಲಿತ್ತು. ಇಪ್ಪತ್ತೈದು ಟನ್ನಿನ ದೋಣಿಗಳಿಗಾಗಿ ಅಗೆದ ಕಾಲುವೆಯ ಪರವಾಗಿ ಕೊನೆಗೆ ಸಾಕ್ಷಿ ನುಡಿದದ್ದು ಇಬ್ಬರು ಎತ್ತಿಕೊಂಡು ಹೋಗಬಹುದಾದ ದೋಣಿ. 1959ರಲ್ಲಿ ಸರ್ಕಾರ ಅಪ್ಪಣೆಯನ್ನು ನಿರಾಕರಿಸಿತು.

ಉಳಿದರೆ ಸಾಲದು, ಹೂಳೆತ್ತಬೇಕಷ್ಟೆ. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1960ರಲ್ಲಿ ಆ ಹದಿಮೂರು ಮೈಲಿಗಳನ್ನು ಗುತ್ತಿಗೆಗೆ ಪಡೆಯಿತು. ಡೇವಿಡ್ ಹಚಿಂಗ್ಸ್ ಎಂಬಾತನ ಮುಂದಾಳ್ತನದಲ್ಲಿ 1961ರಲ್ಲಿ ಕೆಲಸ ಮೊದಲಾಯಿತು. ಗುತ್ತಿಗೆದಾರರ ಸೈನ್ಯವೇನೂ ಅಲ್ಲಿರಲಿಲ್ಲ. ರಜೆಯ ದಿನಗಳಲ್ಲಿ ಬರುವ ಸ್ವಯಂಸೇವಕರು, ಸೈನಿಕರು, ಬರ್ಮಿಂಗಮಿನ ಸೆರೆಮನೆಯ ಕೈದಿಗಳು ಕೆಸರಿನಲ್ಲಿ ಸೊಂಟದವರೆಗೆ ನಿಂತು ಹೂಳು ತೆಗೆದರು, ಇಟ್ಟಿಗೆಗಳನ್ನು ಮತ್ತೆ ಜೋಡಿಸಿದರು, ಲಾಕುಗಳಿಗೆ ಹೊಸ ಬಾಗಿಲುಗಳನ್ನು ಕೂರಿಸಿದರು. ಷೇಕ್ಸ್‌ಪಿಯರನ ನಾನೂರನೆಯ ಜನ್ಮವರ್ಷವಾದ 1964ರ ಜುಲೈ 11ರಂದು ರಾಜಮಾತೆ ಎಲಿಜಬೆತ್ ಕಾಲುವೆಯನ್ನು ಮತ್ತೆ ತೆರೆದರು. ಬ್ರಿಟನ್ನಿನ ಬೇರೆ ಕಡೆಗಳಲ್ಲಿ ಪಾಳುಬಿದ್ದಿದ್ದ ಕಾಲುವೆಗಳನ್ನು ಎತ್ತಿ ನಿಲ್ಲಿಸಹೊರಟವರಿಗೆ ಈ ಕೆಲಸ ಮೇಲ್ಪಂಕ್ತಿಯಾಯಿತು. 1988ರಲ್ಲಿ ಕಾಲುವೆಯು ಸರ್ಕಾರಿ ಜಲಮಾರ್ಗ ಮಂಡಲಿಗೆ ಮರಳಿತು. 2012ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್.

ಈಗ ಅಲ್ಲಿ ಓಡಾಡುವ ದೋಣಿಗಳಿಗೆ ಡೀಸೆಲ್ ಎಂಜಿನುಗಳಿವೆ. ಹೇರಿನ ಬದಲು ಮಲಗುವ ಕೋಣೆ, ಅಡುಗೆಯ ಒಲೆ; ಒಳಗಿರುವವರು ರಜೆಗೆ ಬಂದವರು. ಕುದುರೆದಾರಿಯಲ್ಲಿ ಜನ ನಾಯಿಗಳೊಡನೆ ಅಡ್ಡಾಡುತ್ತಾರೆ. ಲಾಕುಗಳನ್ನು ಮಾತ್ರ ಇಂದಿಗೂ ಕೈಯಿಂದಲೇ ತೆರೆಯಬೇಕು: ಬಾಗಿಲಿಗೆ ಜೋಡಿಸಿದ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು, ಹಿಂದೆ ಕುದುರೆ ಮಾಡುತ್ತಿದ್ದಂತೆಯೇ ಕಾಲನ್ನು ನೆಲಕ್ಕೆ ಊರಿ ತಳ್ಳಬೇಕು. ಒಂದು ಬದಿಯ ಕೆಲಸ ಮುಗಿಸಿ ಇನ್ನೊಂದು ಬದಿಗೆ ಹೋಗಲು ಸೀಳಿದ ಸೇತುವೆಯೇ ಹತ್ತಿರದ ದಾರಿ. ಅದರ ನಡುವೆ ಬಗ್ಗಿ ನೋಡಿದರೆ ಒಂದಂಗುಲದ ಸಂದಿನಲ್ಲಿ ಕೆಳಗಿನ ನೀರು ಕಾಣುತ್ತದೆ.